ಡಿಲೀಟ್ ಒತ್ತಿದ ಮೇಲೆ

ಡಿಲೀಟ್ ಒತ್ತಿದಾಗ ಕಂಪ್ಯೂಟರು ಒಂದು ಸಲ ವಿನಯದಿಂದ ಕೇಳುತ್ತದೆ, ನಿಜಕ್ಕೂ ಅಳಿಸಲೇ ಎಂದು. ನಾವು ಹೂಂ ಎಂದ ಮೇಲೆ ಅದು ಫೈಲನ್ನು ಮುಟ್ಟುವುದೇ ಇಲ್ಲ. ಪಟ್ಟಿಯಲ್ಲಿ ಹೆಸರಿಗೆ ಗುರುತು ಹಾಕಿ, ಆ ಜಾಗ ಖಾಲಿ ಎಂದು ಬರೆದುಕೊಂಡು ಸುಮ್ಮನಾಗುತ್ತದೆ. ಪೆನ್‌ಡ್ರೈವುಗಳಲ್ಲಿ ಈಗಲೂ ಕಾಣುವ ಫ್ಯಾಟ್ ಪದ್ಧತಿಯಲ್ಲಂತೂ ಹೆಸರಿನ ಮೊದಲ ಅಕ್ಷರವೊಂದನ್ನು ಬದಲಿಸಿದರೆ ಅಂತ್ಯಕ್ರಿಯೆ ಮುಗಿಯಿತು.

ತುಮ್ಮನಟ್ಟಿಯಂಥ ನೀಲಗಿರಿಯ ಬಡಗರ ಹಟ್ಟಿಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆಲೂಗಡ್ಡೆ ಅಗೆದು, ಮಾರಿ, ಅದೇ ಹೊಲಕ್ಕೆ ಕ್ಯಾರೆಟ್ ಬಿತ್ತಿದರೆ, ಮಣ್ಣಲ್ಲಿ ಮರೆತುಹೋದ ಗೆಡ್ಡೆ ಸಾಲಿನ ನಡುವೆ ತಲೆ ಎತ್ತಿ ನಿಲ್ಲುತ್ತದೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಹುಡುಕುವುದೂ ಇಂಥ ಗೆಡ್ಡೆಗಳನ್ನೇ. ಪಟ್ಟಿಯನ್ನು ಅದು ನೋಡುವುದೇ ಇಲ್ಲ. ಮದುವೆ ಫೋಟೋ ಸಿಗಲೆಂದು ಓಡಿಸಿದರೆ ಬಾಡಿಗೆ ಕರಾರು, ಯಾರದೋ ಜಾತಕ ಎಲ್ಲವನ್ನೂ ಹೊರಗೆಳೆದು ಮುಂದಿಡುತ್ತದೆ.

ಅಮೆರಿಕದಲ್ಲಿ ಸಿಮ್ಸನ್ ಗಾರ್ಫಿಂಕೆಲ್, ಅಭಿ ಶೆಲಾಟ್ ಎಂಬಿಬ್ಬರು 158 ಹಳೆಯ ಡಿಸ್ಕುಗಳನ್ನು ಕೊಂಡು 2003ರಲ್ಲಿ ವರದಿ ಬರೆದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12. ಮಿಕ್ಕವುಗಳ ಪೈಕಿ ಹಲವುಗಳಲ್ಲಿ ಜನರ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಹಾಯಾಗಿ ಮಲಗಿದ್ದವು. ಪೀಟರ್ ಗುಟ್‌ಮನ್ 1996ರಲ್ಲಿ, ಒಂದರ ಮೇಲೊಂದು 35 ಸಲ ಬರೆದು ಅಳಿಸುವ ವಿಧಾನ ಹೇಳಿದ್ದ. ಹೊಸ ಡಿಸ್ಕುಗಳಿಗೆ ಅಷ್ಟು ಬೇಡ ಎಂದು ಆಮೇಲೆ ತಾನೇ ಹೇಳಿದ. ಜನ ಕೇಳಲಿಲ್ಲ; ವ್ರತ ಕಠಿಣವಾದಷ್ಟೂ ಫಲ ಹೆಚ್ಚೆಂಬ ನಂಬಿಕೆ ನಮ್ಮೊಬ್ಬರದೇ ಅಲ್ಲ. ಈಗಿನ ಎಸ್‌ಎಸ್‌ಡಿಗಳು ಮಾತ್ರ ನಿರ್ದಯಿಗಳು: ಅಳಿಸಿದ ಸುದ್ದಿ ಮುಟ್ಟಿದರೆ ತಾವೇ ಒಳಗೆ ಗುಡಿಸಿಬಿಡುತ್ತವೆ. ಬೇಡವಾದದ್ದು ಉಳಿಯುವ, ಬೇಕಾದದ್ದು ಹೋಗುವ ಏರ್ಪಾಡು ಹೀಗೆ ಪೂರ್ಣವಾಯಿತು.

ಅಳಿಸುವ ವಿದ್ಯೆಯಲ್ಲಿ ಬಡಗರದು ಬೇರೆಯೇ ದಾರಿ. ಕಂಪ್ಯೂಟರು ಹೆಸರನ್ನು ಮರೆಸಿ ವಸ್ತುವನ್ನು ಬಿಡುತ್ತದೆ. ಇವರು ಒಂದೊಂದು ಪಾಪವನ್ನೂ ಹೆಸರು ಹಿಡಿದು ಕರೆದೇ ಕಳಿಸುತ್ತಿದ್ದರು. ಯಾರಾದರೂ ತೀರಿಕೊಂಡರೆ ಹಿರಿಯನೊಬ್ಬ ಪಾಪಗಳ ಪಟ್ಟಿ ಹೇಳುತ್ತಾನೆ: ಹಾವು ಕೊಂದದ್ದು, ಗಡಿಕಲ್ಲು ಸರಿಸಿದ್ದು, ದಾರಿ ಕೇಳಿದವರಿಗೆ ತಪ್ಪುದಾರಿ ತೋರಿಸಿದ್ದು, ಪಕ್ಕದ ಮನೆಯ ಎಮ್ಮೆ ಹೆಚ್ಚು ಹಾಲು ಕೊಟ್ಟಿತೆಂದು ಹೊಟ್ಟೆ ಉರಿದದ್ದು. ನೆರೆದವರೆಲ್ಲ ಒಂದೊಂದಕ್ಕೂ ಪಾಪವೆಂದು ದನಿಗೂಡಿಸುತ್ತಾರೆ. 1,300 ಪಾಪಗಳಿದ್ದರೂ ಹೋಗಲಿ ಎಂದು ಎಲ್ಲವನ್ನೂ ಒಂದು ಕರುವಿನ ಮೇಲೆ ಹೊರಿಸಿ ಬಿಟ್ಟುಬಿಡುತ್ತಿದ್ದರೆಂದು ಹಳೆಯ ದಾಖಲೆಗಳಿವೆ. ಆ ಕರುವನ್ನು ಮತ್ತೆ ಕೆಲಸಕ್ಕೆ ಹೂಡುವಂತಿರಲಿಲ್ಲ. ಸತ್ತವನು ಎಮ್ಮೆಯನ್ನೇ ಸಾಕಿರದಿದ್ದರೂ ಎಮ್ಮೆಯ ಪಾಪ ಅವನ ಲೆಕ್ಕಕ್ಕೇ. ಇದರಲ್ಲಿ ದೊಡ್ಡ ಸೌಜನ್ಯವಿದೆ ಅನ್ನಿಸುತ್ತದೆ ನನಗೆ: ಎಲ್ಲರಿಗೂ ಒಂದೇ ಪಟ್ಟಿ, ಯಾರ ಖಾಸಗಿ ಫೋಲ್ಡರೂ ತೆರೆಯುವುದಿಲ್ಲ.

ಎಡವಟ್ಟಾದದ್ದು ಕೇಳುತ್ತ ಕೂತವರಿಂದ. ಚಾರ್ಲ್ಸ್ ಗೋವರ್ 1871ರಲ್ಲಿ ಈ ಪಾಪಗಳ ಹಾಡನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ಎಡ್ಗರ್ ಥರ್ಸ್ಟನ್ 1909ರಲ್ಲಿ, ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಕುರಿತ ತನ್ನ ಏಳು ಸಂಪುಟಗಳಲ್ಲಿ ಅದಕ್ಕೂ ಜಾಗ ಕೊಟ್ಟ. ಎರಡೂ ಪುಸ್ತಕಗಳು ಈಗ ಸ್ಕ್ಯಾನ್ ಆಗಿ ಯಾವ ಯಾವ ದೇಶದ ಸರ್ವರುಗಳಲ್ಲೋ ಕೂತಿವೆ. ಬೆಟ್ಟದಲ್ಲಿ ಬಿಟ್ಟ ಪಾಪವನ್ನು ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ಅಷ್ಟೂ ಪ್ರತಿಗಳನ್ನು ಹೊರಿಸಿ ಕಳಿಸುವುದಾದರೆ ತುಮ್ಮನಟ್ಟಿಯ ಕೊಟ್ಟಿಗೆಗಳೆಲ್ಲ ಖಾಲಿಯಾದರೂ ಕರು ಸಾಲವು.