ಗಂಜಿ ಬಿಟ್ಟ ಮಾವಯ್ಯ

ಕುಂದಾಪುರ, ಬೈಂದೂರು, ಬ್ರಹ್ಮಾವರ, ಯಾವ ಕಡೆ ಹೋದರೂ ಇಂಥ ಒಬ್ಬ ಮಾವಯ್ಯ ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಿಂದ ನಿವೃತ್ತರು. ಸೇರಿದ್ದು ಸಿಂಡಿಕೇಟ್ ಬ್ಯಾಂಕಿಗೆ, ಹೊರಬಂದದ್ದು ಕೆನರಾ ಬ್ಯಾಂಕಿನಿಂದ. 2020ರ ಏಪ್ರಿಲ್‌ನ ವಿಲೀನದಲ್ಲಿ ಬೋರ್ಡು ಬದಲಾಯಿತು, ಇವರ ಕುರ್ಚಿ ಅಲುಗಲಿಲ್ಲ. ನಿವೃತ್ತಿಯಾದ ಮೇಲೆ ಒಂದು ದಿನ ರಕ್ತಪರೀಕ್ಷೆಯ ಚೀಟಿ ಕೈಗೆ ಬಂತು. ಡಾಕ್ಟರು ಹೇಳಿದ್ದು ಅನ್ನ ಸ್ವಲ್ಪ ಕಮ್ಮಿ ಮಾಡಿ ಎಂದಷ್ಟೆ. ಅರೆಬರೆ ವ್ಯವಹಾರ ಮಾವಯ್ಯನಿಗೆ ಆಗದು. ಖಾತೆಯನ್ನೇ ಮುಚ್ಚಿಬಿಟ್ಟರು.

ಮುಚ್ಚಿದ ಮೇಲೆ ಹೊಟ್ಟೆಗೆ ಏನು? ಪಲ್ಯ! ಅದೂ ಸ್ವಂತ ಕೈಯಿಂದ. ಶನಿವಾರದ ಸಂತೆಯಲ್ಲಿ ಹೀರೆಕಾಯಿ ಹಿಡಿದು, "ಇದ್ರಲ್ಲಿ ಕಾರ್ಬ್ ಎಷ್ಟ್?" ಎಂದು ಕೇಳಿದರೆ ತರಕಾರಿಯವಳು, "ಕಾಲ್ ಕೆಜಿಯಾ? ಇಪ್ಪತ್ ರೂಪಾಯಿ" ಎನ್ನುತ್ತಾಳೆ. ಸುವರ್ಣಗೆಡ್ಡೆ, ಗೆಣಸು, ಹಲಸಿನ ಬೀಜಕ್ಕೆ ಮನೆಯೊಳಗೆ ಪ್ರವೇಶವಿಲ್ಲ. ಬೆಲ್ಲಕ್ಕಂತೂ ಗಡೀಪಾರು, ಹಾಗಾಗಿ ಹಾಗಲಕಾಯಿ ಪಲ್ಯಕ್ಕೆ ಕೈ ಹಾಕುವವರು ಅವರೊಬ್ಬರೇ. ತೆಂಗಿನಕಾಯಿಗೆ ಮಾತ್ರ ರಿಯಾಯಿತಿ. ನೂರು ಗ್ರಾಂ ಹಸಿ ತುರಿಯಲ್ಲಿ ಕಾರ್ಬ್ 15 ಗ್ರಾಂ, ಅದರಲ್ಲಿ 9 ಬರೀ ನಾರು ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಕೊಬ್ಬು 33 ಗ್ರಾಂ ಅಲ್ವಾ ಮಾವಯ್ಯ ಎಂದರೆ, ಅದು ಬೇರೆ ಶಾಖೆಯ ಲೆಕ್ಕ.

ಅವರ ಕೈರುಚಿ ಕೆಟ್ಟದ್ದೇನಲ್ಲ. ತೆಂಗಿನೆಣ್ಣೆಯಲ್ಲಿ ಸಾಸಿವೆ ಸಿಡಿಸಿ, ಒಣಮೆಣಸು, ಕರಿಬೇವು ಹಾಕಿ, ಕೆಂಪು ಹರಿವೆಯನ್ನು ಅದರ ನೀರಿನಲ್ಲೇ ಬಾಡಿಸುತ್ತಾರೆ. ಒಗ್ಗರಣೆಗೆ ಉದ್ದಿನಬೇಳೆಯನ್ನು ಎಣಿಸಿ ಹಾಕುತ್ತಾರೆ ಎಂಬುದು ನೆರೆಮನೆಯವರ ಕುಹಕ. ತಕರಾರು ಹುಟ್ಟಿದ್ದು ಉಪ್ಪಿನಿಂದ. ನಮ್ಮೂರ ಪಲ್ಯ ಒಂಟಿಯಾಗಿ ತಿನ್ನಲೆಂದು ಹುಟ್ಟಿದ್ದಲ್ಲವಲ್ಲ. ಸಪ್ಪೆ ಕುಚ್ಚಲಕ್ಕಿ ಗಂಜಿಯ ಪಕ್ಕ ಕೂರಬೇಕೆಂದೇ ಅದಕ್ಕೆ ಅಷ್ಟು ಉಪ್ಪು, ಖಾರ. ಬಟ್ಟಲು ತುಂಬ ಅದನ್ನೇ ತಿಂದ ಮಾವಯ್ಯ ಮಧ್ಯಾಹ್ನವಿಡೀ ಚೊಂಬು ಕೆಳಗಿಡಲಿಲ್ಲ. ಮಾರನೇ ದಿನ ಉಪ್ಪು ಅರ್ಧಕ್ಕಿಳಿಯಿತು. ಅವರಿಗೇನೋ ಹದವಾಯಿತು, ಗಂಜಿ ಉಣ್ಣುವ ಮನೆಮಂದಿಗೆ ಸಪ್ಪೆಯ ಮೇಲೆ ಸಪ್ಪೆ. ಮಾವಯ್ಯನ ಹೆಂಡತಿ ಬಾಯಿ ಬಿಡದೆ ಉಪ್ಪಿನಕಾಯಿ ಭರಣಿ ತಂದು ನಡುವೆ ಇಟ್ಟರು. ಮಾವಯ್ಯನ ಅಮ್ಮ, ಎಂಬತ್ತೈದರ ಅಬ್ಬಿ ಮಾತ್ರ ಸುಮ್ಮನಿರಲಿಲ್ಲ.

"ಮಾಣಿ, ಇದ್ ನಮ್ಗಾ, ಹಟ್ಟಿಗಾ?"

ಮಾಣಿಗೆ ಅರವತ್ತೆರಡು.

ಅನ್ನ ಬಿಟ್ಟವರಷ್ಟು ಅನ್ನದ ಧ್ಯಾನ ಮಾಡುವವರು ಬೇರೆ ಯಾರೂ ಇಲ್ಲ ಎಂದು ನನ್ನ ಗುಮಾನಿ. ಘಟ್ಟ ಇಳಿದು ಬಂದ ಹೂಕೋಸನ್ನು ತುರಿದು, ಹಬೆಯಲ್ಲಿ ಬೇಯಿಸಿ, ಇದೇ ಅನ್ನ ಅಂದ್ಕೊಳ್ಳಿ ಎಂದು ಬಡಿಸುತ್ತಾರೆ. ಕಿಟಕಿಯಾಚೆ ಅವರದೇ ಗದ್ದೆಯಲ್ಲಿ ಎಂ.ಒ.4 ಭತ್ತ ತೆನೆ ಬಾಗಿಸಿ ನಿಂತಿರುತ್ತದೆ. ಅಕ್ಕಿಯಲ್ಲಿ ಕಾರ್ಬ್ ನೂರಕ್ಕೆ 78, ಹೂಕೋಸಿನಲ್ಲಿ 5, ನೀವೇ ಹೇಳಿ ಎಂದು ಹುಬ್ಬೇರಿಸುತ್ತಾರೆ. ಬೆಂದ ಅನ್ನದಲ್ಲಿ ಅದು 28ರ ಆಸುಪಾಸಿಗೆ ಇಳಿಯುತ್ತದೆಂದು ನಾನು ಬಾಯಿ ಬಿಟ್ಟಿಲ್ಲ. ಅಕ್ಕಪಕ್ಕದ ಮನೆಯ ಸ್ನೇಹ ಉಳಿಯಬೇಕಲ್ಲ.

ಮನೆಯಲ್ಲಾದರೆ ಅವರದೇ ರಾಜ್ಯ. ಪೇಚಾಟವೆಲ್ಲ ಮದುವೆ ಊಟದ್ದು. ಪಂಕ್ತಿಯಲ್ಲಿ ಅನ್ನದವರು ಬಂದಾಗ ಮಾವಯ್ಯ ಎಲೆಗೆ ಎರಡೂ ಕೈ ಅಡ್ಡ ಹಿಡಿಯುತ್ತಾರೆ. ಕಡ್ಲೆಬೇಳೆ ಪಾಯಸ ಬಂದಾಗ ಒಂದು ಕೈ ತಾನಾಗಿ ಸರಿಯುತ್ತದೆ. ಬೆಲ್ಲದ ಕಾನೂನು ಮನೆಗೆ ಮಾತ್ರವಂತೆ. ಆದರೆ ಪಲ್ಯ ಬಡಿಸುವುದು ಎಲೆಯ ಮೇಲಿನ ಸಾಲಿಗೆ, ಸಣ್ಣ ಸೌಟಿನಲ್ಲಿ. ಮೊನ್ನೆ ಅಲಸಂಡೆ ಪಲ್ಯಕ್ಕೆ ಮಾವಯ್ಯ ನಾಲ್ಕನೇ ಸಲ ಕೈ ಎತ್ತಿದಾಗ ಬಡಿಸುವ ಹುಡುಗ ಬಕೆಟ್ಟನ್ನೇ ಬಗ್ಗಿಸಿ ತಳ ತೋರಿಸಿದ.

"ಹ್ವಾಯ್, ಪಲ್ಯ ಖಾಲಿ. ಅನ್ನ ಬೇಕಾರೆ ಎಷ್ಟೂ ಇತ್ತ್ ಕಾಣಿ."