ಮಲಗಿದ ದೇವರ ಊರಿನ ಸುದ್ದಿ

ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಹೊಳಲಿನಲ್ಲಿ ಬಸ್ಸಿಳಿದವರು, ಊರಿಗೆ ಊರೇ ಗುಳೆ ಹೋಗಿದೆ ಎಂದು ತಿಳಿಯಬೇಕು. ಅಂಗಡಿಯವನು ಬಿಸಿಲಿಗೆ ಗೋಣಿಪರದೆ ಇಳಿಬಿಟ್ಟು ಅದರ ಹಿಂದೆ ಅಡ್ಡಾಗಿರುತ್ತಾನೆ. ಬೇವಿನ ಮರದ ನೆರಳಿನಲ್ಲಿ ಎಮ್ಮೆ, ಎಮ್ಮೆಯ ನೆರಳಿನಲ್ಲಿ ನಾಯಿ. ಹೊಸಬರನ್ನು ಕಂಡು ಬೊಗಳೋಣವೆಂದು ನಾಯಿ ತೆರೆದ ಬಾಯಿ ಆಕಳಿಕೆಯಾಗಿ ಮುಚ್ಚಿಕೊಳ್ಳುತ್ತದೆ. ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಬರೀ ನೆಲದ ಮೇಲೆ, ಒದ್ದೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಕಂಬಕ್ಕೆ ಕಾಲು ಆನಿಸಿ ಮಲಗಿರುತ್ತಾಳೆ.

ಇದನ್ನು ಸೋಮಾರಿತನ ಅನ್ನಬಾರದು, ಭಕ್ತಿ ಅನ್ನಬೇಕು. ನಮ್ಮೂರ ದೇವರೇ ಅನಂತಶಯನ.

ಅವನು ಇಲ್ಲಿ ಮಲಗಿದ್ದರ ಹಿಂದೆ ಒಂದು ಕತೆಯಿದೆ. ಕೃಷ್ಣದೇವರಾಯ ಮಗ ತಿರುಮಲನ ಹೆಸರಿನಲ್ಲಿ ಈಗಿನ ಹೊಸಪೇಟೆಯ ಹತ್ತಿರ ಒಂದು ಪುರ ಕಟ್ಟಿಸಿ, 1524ರಲ್ಲಿ ಅಲ್ಲೊಂದು ದೊಡ್ಡ ಗುಡಿ ಎಬ್ಬಿಸಿದ. ಗುಡಿ ಆಯಿತು, ದೇವರು ಬರಬೇಕಲ್ಲ. ಅಜ್ಜಿ ಹೇಳುತ್ತಿದ್ದಂತೆ ದೇವರು ಹೂಂ ಅಂದ, ಆದರೆ ಷರತ್ತು ಹಾಕಿದ. "ನೀ ಮುಂದ ನಡಿ, ನಾ ಹಿಂದ ಬರ್ತೀನಿ. ತಿರುಗಿ ನೋಡಿದ್ಯೋ, ಅಲ್ಲೇ ಮಲಗಿಬಿಡ್ತೀನಿ." ರಾಯ ನಡೆದ, ನಡೆದ. ದೇವರು ಎಲ್ಲಿಂದ ಹೊರಟಿದ್ದ ಎಂದು ಕೇಳಿದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. ಎಲ್ಲಿ ನಿಂತ ಅನ್ನುವುದೇ ಅವಳಿಗೆ ಮುಖ್ಯ. ಹೊಳಲಿಗೆ ಬಂದಾಗ ಹಿಂದೆ ಹೆಜ್ಜೆಯ ಸಪ್ಪಳವಿಲ್ಲ. ರಾಯ ತಿರುಗಿ ನೋಡಿದ. ಅಷ್ಟೇ, ದೇವರು ಹಾವಿನ ಹಾಸಿಗೆ ಬಿಚ್ಚಿ ಒರಗಿಬಿಟ್ಟ. ಆ ಕಡೆ ಅನಂತಶಯನಗುಡಿಯಲ್ಲಿ ಉದ್ದನೆಯ ಪೀಠವೊಂದು ಹಾಸಿಟ್ಟ ಮಂಚದ ಹಾಗೆ ಇವತ್ತಿಗೂ ಖಾಲಿ ಇದೆ.

ನನಗನ್ನಿಸುವುದು, ಅದು ಮೇ ತಿಂಗಳೇ ಇರಬೇಕು. ಈ ಬಿಸಿಲಿನಲ್ಲಿ ಹೊಸಪೇಟೆ ತನಕ ನಡೆ ಅಂದರೆ ದೇವರಾದರೂ ಏನು ಮಾಡಿಯಾನು?

ಮಲಗಿದವನು ಏಳಲಿಲ್ಲ. ವಿಜಯನಗರ ಹಾಳಾಯಿತು, ಏಳಲಿಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ, ಏಳಲಿಲ್ಲ. ಮದರಾಸಿನವರು ಆಳಿದರು, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿದೆವು, 1973ರಲ್ಲಿ ಕರ್ನಾಟಕವಾಯಿತು. ಅಜ್ಜಿ ಮದರಾಸಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಮಕ್ಕಳನ್ನು ಹೆತ್ತು, ಕರ್ನಾಟಕದಲ್ಲಿ ಹಲ್ಲು ಕಳೆದುಕೊಂಡಳು. ಇಷ್ಟೆಲ್ಲ ಆದದ್ದು ಒಂದೇ ಮನೆಯ ಒಂದೇ ಕಟ್ಟೆಯ ಮೇಲೆ. ಪಕ್ಕದ ಹರಪನಹಳ್ಳಿಯವರದಂತೂ ಇನ್ನೂ ಕಷ್ಟ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ ಹೊರಳಿ, ನಿದ್ದೆ ಹತ್ತುವಷ್ಟರಲ್ಲಿ 2021 ಬಂತು. ಆ ವರ್ಷ ಹೊಸಪೇಟೆಯೇ ಕೇಂದ್ರವಾಗಿ ವಿಜಯನಗರ ಜಿಲ್ಲೆ ಆಯಿತು, ನಮ್ಮ ಹಡಗಲಿ ತಾಲ್ಲೂಕೂ ಅದರೊಳಗೆ ಹೋಯಿತು. ಅಂದರೆ, ವಿಜಯನಗರಕ್ಕೆ ಬರಲಾರೆ ಎಂದು ಮಲಗಿದ್ದ ದೇವರ ಕಾಲಬುಡಕ್ಕೆ 497 ವರ್ಷಗಳ ಮೇಲೆ ವಿಜಯನಗರವೇ ಬಂತು. ತಾಳ್ಮೆ ಅಂದರೆ ಇದು. ನಮ್ಮ ಮನೆಯ ಖಾತೆ ಬದಲಾವಣೆಯ ಅರ್ಜಿ ಹಾಕಿ ಹನ್ನೊಂದು ವರ್ಷವಾಯಿತು. ಅವ್ವ ಅದೇ ಧೈರ್ಯದ ಮೇಲೆ ಮಲಗಿದ್ದಾಳೆ.

ಆದರೆ ಮಲಗಿದವರೆಲ್ಲ ನಿದ್ದೆ ಮಾಡುತ್ತಾರೆ ಎಂದುಕೊಂಡರೆ ಕೆಟ್ಟಿರಿ. ಹೊಳಲಿನಲ್ಲಿ ಮುಚ್ಚುವುದು ಕಣ್ಣು ಮಾತ್ರ. ಹೊರಗೆ ಒಂದು ಬೈಕು ಹೋದರೆ ಅವ್ವ ಸೆರಗಿನ ಒಳಗಿನಿಂದಲೇ ಹೇಳುತ್ತಾಳೆ: "ಗೌಡ್ರ ಮನಿ ಸಣ್ಣ ಹುಡುಗ ಹಡಗಲಿಗೆ ಹೊಂಟ. ಸೈಲೆನ್ಸರ್ ಇನ್ನೂ ಮಾಡಿಸಿಲ್ಲ ನೋಡು." ಐದು ನಿಮಿಷ ಬಿಟ್ಟು ಅದೇ ಸಪ್ಪಳ ವಾಪಸ್ಸು ಬಂದರೆ, "ಪೆಟ್ರೋಲ್ ಇಲ್ಲ, ಅಪ್ಪನ ಹತ್ರ ರೊಕ್ಕ ಕೇಳಾಕ ಬಂದಾನ." ನಾನು ಎದ್ದು ಹೋಗಿ ನೋಡಿದ್ದೇನೆ. ಒಂದು ಸಲವೂ ತಪ್ಪಿಲ್ಲ.

ಬೇಸಿಗೆಯ ಮೊದಲ ಸುದ್ದಿ ಬೆಳಗಿನದು, ಮಲ್ಲಿಗೆಯದು. ಹಡಗಲಿ ಮಲ್ಲಿಗೆಗೆ ಜಿಐ ಮಾನ್ಯತೆ ಇದೆ. ಹಂಪಿಗೆ ಹೊಳೆಯ ಮೇಲೆ ಹಡಗಿನಲ್ಲಿ ಹೂ ಹೋಗುತ್ತಿತ್ತು, ಅದಕ್ಕೇ ಹೂವಿನ ಹಡಗಲಿ ಎಂದು ಹೆಸರು ಬಂತು ಅನ್ನುತ್ತಾರೆ. ಈಗ ಹೂವು ಬಸ್ಸಿನ ಮೇಲೆ ಹೋಗುತ್ತದೆ. ಹೊತ್ತು ಮೂಡುವ ಮೊದಲೇ ಮೊಗ್ಗು ಬಿಡಿಸಬೇಕು. ಬಿಸಿಲು ಬಿದ್ದಮೇಲೆ ಬಿಡಿಸಿದರೆ ಸಂತೆ ಮುಟ್ಟುವುದರೊಳಗೆ ಅರಳಿ, ಮುದುಕಿಯಾದ ಮದುಮಗಳಂತೆ ಯಾರಿಗೂ ಬೇಡವಾಗುತ್ತದೆ. ಬೇಸಿಗೆಯಲ್ಲೇ ಗಿಡ ಮೈತುಂಬ ಬಿಡುವುದರಿಂದ ದರ ಯಾವತ್ತು ಏರಿತು, ಯಾವತ್ತು ಬಿತ್ತು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಮದುವೆ ಮುಹೂರ್ತ ಇದ್ದ ದಿನ ಮನೆ ಹೆಣ್ಣುಮಕ್ಕಳ ತಲೆ ಬೋಳು, ಇದ್ದ ಹೂವೆಲ್ಲ ಮಾರಾಟಕ್ಕೆ. ಮುಹೂರ್ತವಿಲ್ಲದ ದಿನ ಎತ್ತಿನ ಕೊಂಬಿಗೂ ಹೂವು, ಬಸ್ಸಿನೊಳಗಿನ ದೇವರ ಪಟಕ್ಕೆ ಕುತ್ತಿಗೆ ಕಾಣದಷ್ಟು ಹೂವು.

ಮದುವೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಸವ ಜಯಂತಿ, ಅಕ್ಷಯ ತದಿಗೆ ಬಂತೆಂದರೆ ಒಂದೇ ದಿನಕ್ಕೆ ಐದು ಕಾರ್ಡು. ಅಪ್ಪ ಕೊಟ್ಟೂರಿಗೆ, ದೊಡ್ಡಪ್ಪ ಕೂಡ್ಲಿಗಿಗೆ, ಅಣ್ಣ ಹಗರಿಬೊಮ್ಮನಹಳ್ಳಿಗೆ, ನಾನು ಹರಪನಹಳ್ಳಿಗೆ. ಹತ್ತಿರದ್ದು ಅವ್ವನಿಗೆ. ಎಲ್ಲರೂ ಬೇರೆ ಬೇರೆ ಊರಿನಲ್ಲಿ ಒಂದೇ ಗೋಧಿ ಹುಗ್ಗಿ ಉಂಡು, ಮುಯ್ಯಿ ಪುಸ್ತಕದಲ್ಲಿ ಹೆಸರು ಸರಿಯಾಗಿ ಬರೆದರೋ ಇಲ್ಲವೋ ಎಂದು ಹೆಗಲ ಮೇಲಿನಿಂದ ಇಣುಕಿ ನೋಡಿ, ರಾತ್ರಿ ಪಡಸಾಲೆಯಲ್ಲಿ ಸೇರುತ್ತೇವೆ. ಆಗ ಶುರುವಾಗುವುದು ನಿಜವಾದ ಮದುವೆ. ಐದೂ ಮದುವೆಗಳನ್ನು ಅವ್ವ ಕೂತಲ್ಲೇ ಮತ್ತೊಮ್ಮೆ ಮಾಡಿಸುತ್ತಾಳೆ.

ಹಪ್ಪಳ ಸಂಡಿಗೆಯ ಸುದ್ದಿಯೂ ಸಣ್ಣದಲ್ಲ. ಮಾಳಿಗೆಯ ಮೇಲೆ ಹಳೆ ಸೀರೆ ಹಾಸಿ ಸಂಡಿಗೆ ಇಕ್ಕಿದರೆ ಕಾಯುವ ಕೆಲಸ ನನ್ನದಾಗಿತ್ತು. ಕೈಯಲ್ಲಿ ಕೋಲು, ತಲೆಯ ಮೇಲೆ ತೂತು ಬಿದ್ದ ಕೊಡೆ. ನಾನು ಊರ ದೇವರ ಭಕ್ತನೇ ಆದ್ದರಿಂದ ಅರ್ಧ ಗಂಟೆಯಲ್ಲಿ ಒರಗಿದೆ. ಎಚ್ಚರವಾದಾಗ ಪಕ್ಕದ ಮನೆಯ ಆಡು ಸೀರೆಯ ಸೆರಗಿನಿಂದ ಹಿಡಿದು ಒಡಲಿನ ತನಕ ಅಚ್ಚುಕಟ್ಟಾಗಿ ತಿಂದು ಮುಗಿಸಿ, ನನ್ನ ಕೊಡೆಯ ನೆರಳಿನಲ್ಲಿ ಮೆಲುಕು ಹಾಕುತ್ತ ಕೂತಿತ್ತು. ಕೆಳಗಿನಿಂದ ಪಕ್ಕದ ಮನೆಯಾಕೆ, "ನಮ್ಮ ಆಡಿಗೆ ಹೊಟ್ಟಿಗಿಟ್ಟಿ ಕೆಟ್ರ ನೋಡ್ರಿ ಮತ್ತ, ಉಪ್ಪು ಎಷ್ಟು ಹಾಕೀರಿ?" ಎಂದು ಕೇಳಿದಳು. ಅವ್ವ ಮತ್ತು ಅವಳು ಮಾತು ಬಿಟ್ಟದ್ದು ಮಳೆಗಾಲದ ತನಕ. ಇಬ್ಬರ ನಡುವೆ ಸುದ್ದಿ ದಾಟಿಸುವ ಕೆಲಸವೂ ನನಗೇ ಬಂತು.

ಈಗ ನಾಟಕಕ್ಕೆ ಬರೋಣ. ನಮ್ಮ ಸೀಮೆಯಲ್ಲಿ ಬೇಸಿಗೆ ಅಂದರೆ ನಾಟಕ. ಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ರಂಗಭಾರತಿ ಕಟ್ಟಿ ಒಳ್ಳೊಳ್ಳೆಯ ನಾಟಕ ಆಡಿಸಿದರು, ಅದು ಬೇರೆ ಮಾತು. ನಾನು ಹೇಳುತ್ತಿರುವುದು ಊರ ಹುಡುಗರ ಸಾಮಾಜಿಕ ನಾಟಕ. ಹೆಸರಿನಲ್ಲಿ ತಾಳಿ, ತಂಗಿ, ತೊಟ್ಟಿಲು ಈ ಮೂರರಲ್ಲಿ ಒಂದಾದರೂ ಇರಬೇಕು. ಎರಡು ತಿಂಗಳು ಪೇಟಿ ಮಾಸ್ತರರ ಕೈಯಲ್ಲಿ ತಾಲೀಮು. ಪರದೆ, ಲೈಟು, ಅರಮನೆ, ಜೈಲು ಎಲ್ಲ ಡ್ರಾಮಾ ಸೀನ್ಸ್‌ನವರಿಂದ ಬಾಡಿಗೆಗೆ. ಆಮೇಲೆ ಕರಪತ್ರ. ಅದರಲ್ಲಿ ನಾಟಕದ ಹೆಸರಿಗಿಂತ ಊರವರ ಹೆಸರೇ ಹೆಚ್ಚು. ಒಬ್ಬರ ಹೆಸರು ಬಿಟ್ಟುಹೋದರೂ ರಾತ್ರಿ ಕರೆಂಟು ಹೋಗುವ ಸಂಭವ ಇರುತ್ತದೆ. ಹುಡುಗರು ಬಣ್ಣ ಹಚ್ಚಿಕೊಂಡರೂ ನಟಿಯರು ಮಾತ್ರ ಹೊರಗಿನವರು, ಮರಿಯಮ್ಮನಹಳ್ಳಿ ಕಡೆಯ ಕಲಾವಿದೆಯರು. ಅವರು ಬರುವುದು ಆಟದ ಹಿಂದಿನ ದಿನ, ಒಮ್ಮೊಮ್ಮೆ ಆಟದ ದಿನವೇ. ಎರಡು ತಿಂಗಳು ತಾಲೀಮು ಮಾಡಿದ ನಮ್ಮವರು ಮಾತು ಮರೆಯುತ್ತಾರೆ, ಮಧ್ಯಾಹ್ನ ಬಸ್ಸಿಳಿದ ಆ ಅಕ್ಕಂದಿರು ಮರೆಯುವುದಿಲ್ಲ.

ನನಗೆ ಇಪ್ಪತ್ತಾರು ವರ್ಷ, ಬಿ.ಎ. ಆಗಿತ್ತು, ಕೆಲಸ ಆಗಿರಲಿಲ್ಲ. ಓದು ಬರುತ್ತದೆಂಬ ಕಾರಣಕ್ಕೆ ನನ್ನನ್ನು ಪ್ರಾಂಪ್ಟರ್ ಮಾಡಿದರು. ಹೀರೋ ಪಾರ್ಟಿನವನು ಹೆಚ್ಚು ಚಂದಾ ಕೊಟ್ಟವರ ಮಗ. ಪರದೆಯ ಪಕ್ಕದಿಂದ ಹೇಳಿಕೊಟ್ಟರೆ ಅವನಿಗೆ ಕೇಳುತ್ತಿರಲಿಲ್ಲ. ಮಾಸ್ತರು ಯೋಚಿಸಿ, ಸ್ಟೇಜಿನ ಮಧ್ಯದಲ್ಲಿದ್ದ ರಟ್ಟಿನ ಬಾವಿಯೊಳಗೆ ನನ್ನನ್ನು ಇಳಿಸಿದರು. "ತಮ್ಮಾ, ಅಲ್ಲೇ ಕುಂತು ಸಾವಕಾಶ ಹೇಳು. ಬಾವ್ಯಾಗಿನ ಮಾತು ಮಂದಿಗೆ ಕೇಳಂಗಿಲ್ಲ."

ರಾತ್ರಿ ಹನ್ನೊಂದಕ್ಕೆ ನಾಂದಿ. ನಾನು ಬನಿಯನ್ನು ಹಾಕಿಕೊಂಡು ಬಾವಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಮೊಣಕಾಲ ಮೇಲೆ ಪುಸ್ತಕ, ಬಾಯಲ್ಲಿ ಬ್ಯಾಟರಿ ದೀಪ, ಸುತ್ತ ಇಡೀ ತಾಲ್ಲೂಕಿನ ಸೊಳ್ಳೆ. ಮಾತು ಹೇಳಬೇಕಾದಾಗ ದೀಪ ಕೈಗೆ, ಸೊಳ್ಳೆ ಹೊಡೆಯಬೇಕಾದಾಗ ದೀಪ ಬಾಯಿಗೆ. ಮೂರು ಗಂಟೆಯ ತನಕ ಎಲ್ಲ ಸರಾಗವಾಗಿ ನಡೆಯಿತು. ಆಮೇಲೆ ನಾಯಕಿಗೆ ಗಂಡನ ಮನೆಯವರಿಂದ ಕಷ್ಟ ಬಂದು, ಅವಳು ಕೂಸನ್ನು ತೊಟ್ಟಿಲಲ್ಲಿಟ್ಟು, ಬಾವಿಗೆ ಹಾರಿಕೊಳ್ಳುವ ದೃಶ್ಯ. ಅದು ಪುಸ್ತಕದಲ್ಲಿತ್ತು, ನನಗೂ ಗೊತ್ತಿತ್ತು. ಆದರೆ ಯಾವ ಬಾವಿ ಎಂದು ಯಾರೂ ಯೋಚಿಸಿರಲಿಲ್ಲ.

ಆಕೆ ಅಳುತ್ತ ಓಡಿಬಂದು ಬಾವಿಯ ಕಟ್ಟೆಗೆ ಒಂದು ಕಾಲು ಹಾಕಿದಳು. ಕೆಳಗೆ ನೋಡಿದಳು. ಬಾಯಲ್ಲಿ ದೀಪ ಕಚ್ಚಿಕೊಂಡು, ಕೈ ಮುಗಿದು ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದ ನಾನು ಕಂಡೆ. ನಾನಾಗಿದ್ದರೆ ಚೀರುತ್ತಿದ್ದೆ. ಆಕೆ ಹದಿನೈದು ವರ್ಷ ಬಣ್ಣ ಹಚ್ಚಿದವಳು. ಕಾಲು ಹಿಂದಕ್ಕೆ ತೆಗೆದು, ಜನರ ಕಡೆ ತಿರುಗಿ, "ಅಯ್ಯೋ ವಿಧಿಯೇ! ಬಾವಿಯಲ್ಲೂ ನನಗೆ ಜಾಗವಿಲ್ಲವೇ!" ಎಂದು ಎದೆ ಬಡಿದುಕೊಂಡಳು. ಹೆಂಗಸರ ಕಡೆಯಿಂದ ಬಿಕ್ಕುವ ಸದ್ದು, ಗಂಡಸರ ಕಡೆಯಿಂದ ಸೀಟಿ. ಸಾಯಬೇಕಾದವಳು ಸಾಯದೆ ಉಳಿದದ್ದರಿಂದ ಮುಂದಿನ ಕತೆ ಯಾರಿಗೂ ಗೊತ್ತಿರಲಿಲ್ಲ. ಹೀರೋ ಎರಡನೇ ಮದುವೆಯ ಮಾತು ಶುರುಮಾಡಿದ, ಮೊದಲನೆಯವಳು ಪಕ್ಕದಲ್ಲೇ ನಿಂತಿದ್ದಳು. ಮಾಸ್ತರು ಪೇಟಿ ಒತ್ತಿ ಮಂಗಳ ಹಾಡಿಬಿಟ್ಟರು.

ನಾಟಕಕ್ಕಿಂತ ಸುದ್ದಿ ಚೆನ್ನಾಗಿ ಓಡಿತು. ಬೆಳಗ್ಗೆ ಹಾಲಿನ ಡೈರಿಯ ಮುಂದೆ "ನಟಿ ಬಾವಿಗೆ ಹಾರಾಕ ಹೋಗಿದ್ಲಂತ, ಇವ ತಡದನಂತ" ಎಂದಿತ್ತು. ಕ್ಷೌರದಂಗಡಿ ದಾಟುವಾಗ ಆಕೆ ಬಾವಿಗೆ ಬಿದ್ದಿದ್ದಳು, ನಾನು ಎತ್ತಿದ್ದೆ. ಮಧ್ಯಾಹ್ನದ ಬಸ್ಸಿನಲ್ಲಿ ಹಡಗಲಿ ಮುಟ್ಟುವಾಗ ನಾಟಕವೇ ಉದುರಿಹೋಗಿ, ಹೊಳಲಿನ ಹುಡುಗನೊಬ್ಬ ನಡುರಾತ್ರಿ ಆಳವಾದ ಬಾವಿಗೆ ಹಾರಿ ಒಂದು ಹೆಣ್ಣುಜೀವ ಉಳಿಸಿದ್ದ. ವಾರದೊಳಗೆ ಎರಡು ಕಡೆಯಿಂದ ಸಂಬಂಧ ಕೇಳಿಕೊಂಡು ಬಂದರು. ಅದರಲ್ಲೊಂದು ಆಯಿತು. ನನಗೆ ಈಜು ಬರುವುದಿಲ್ಲ ಎಂದು ಹೆಂಡತಿಗೆ ಗೊತ್ತಾದದ್ದು ಮದುವೆಯಾಗಿ ಎರಡು ವರ್ಷಕ್ಕೆ, ಹೊಳೆಯ ದಂಡೆಯಲ್ಲಿ. ಆವತ್ತಿನಿಂದ ನನ್ನ ಯಾವ ಮಾತನ್ನೂ ಅವಳು ಪೂರ್ತಿ ನಂಬುವುದಿಲ್ಲ.

ಹರಪನಹಳ್ಳಿಯಲ್ಲಿ 1913ರ ಏಪ್ರಿಲ್ 23ರಂದು, ಅಂದರೆ ಅಪ್ಪಟ ಬೇಸಿಗೆಯಲ್ಲಿ, ನಗೆಬರಹಗಾರ ಬೀಚಿಯವರು ಹುಟ್ಟಿದರು. ಇಂಥ ನೆಲದಲ್ಲಿ ಹುಟ್ಟಿದ ಮೇಲೆ ಅವರು ಇನ್ನೇನು ಬರೆಯಬೇಕಿತ್ತು?

ಸುದ್ದಿಯನ್ನು ಹಿಗ್ಗಿಸುವ ಈ ಕಲೆಗೆ ನಮ್ಮಲ್ಲಿ ದೊಡ್ಡ ಗುರುಪೀಠವೂ ಇದೆ. ಹತ್ತಿರದ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದರೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ನುಡಿಯುವ ಕಾರಣಿಕ ಒಂದೇ ಸಾಲು. ಅಷ್ಟು ಹೇಳಿ ಮೇಲಿನಿಂದ ಕೆಳಗೆ ಬೀಳುತ್ತಾನೆ, ಜನ ಹಿಡಿದುಕೊಳ್ಳುತ್ತಾರೆ. ಅವನ ಕೆಲಸ ಫೆಬ್ರವರಿಯಲ್ಲೇ ಮುಗಿಯಿತು. ನಮ್ಮ ಕಟ್ಟೆಯ ಕೆಲಸ ಆಗ ಶುರು. ಆ ಒಂದು ಸಾಲನ್ನು ಬೇಸಿಗೆ ಪೂರ್ತಿ ಬೇವಿನ ನೆರಳಿನಲ್ಲಿ ಜಗಿಯುತ್ತಾರೆ. ಮಳೆಯ ಮಾತು ಎಂದು ಒಬ್ಬರು, ಸರ್ಕಾರದ ಮಾತು ಎಂದು ಇನ್ನೊಬ್ಬರು, ಮೆಕ್ಕೆಜೋಳದ ದರದ ಮಾತು ಎಂದು ಮೂರನೆಯವರು. ಭರಣಿ ಮಳೆ ಬಂದರೆ "ನಾ ಹೇಳಿರಲಿಲ್ಲೇನು" ಅನ್ನುವವರು ಎಂಟು ಜನ. ಬರದಿದ್ದರೆ "ನಾ ಹೇಳಿರಲಿಲ್ಲೇನು" ಅನ್ನುವವರು ಅದೇ ಎಂಟು ಜನ.

ಈ ಸಲ ನನ್ನ ರಜೆ ಮುಗಿದ ದಿನ ರೋಹಿಣಿ ಮಳೆ ಇನ್ನೂ ಹುಟ್ಟಿರಲಿಲ್ಲ. ಅವ್ವ ಸಂಡಿಗೆಯ ಡಬ್ಬಿ, ರೊಟ್ಟಿ ಕಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ಎಲ್ಲ ಕೊಟ್ಟು ಓಣಿಯ ತಿರುವಿನ ತನಕ ಬಂದಳು. "ಹೋಗಿ ಬಾರಪ್ಪ. ಹಿಂದಕ್ಕ ತಿರುಗಿ ನೋಡಬ್ಯಾಡ, ಕುತ್ತಿಗಿ ಉಳುಕತೈತಿ" ಅಂದಳು. ಕಣ್ಣು ಒದ್ದೆಯಾಗಿರಬೇಕು, ನನಗೆ ತೋರಿಸಲು ಮನಸ್ಸಿಲ್ಲ ಎಂದುಕೊಂಡೆ. ಹತ್ತು ಹೆಜ್ಜೆ ತಡೆದೆ, ರಾಯನಷ್ಟೇ ಕಷ್ಟಪಟ್ಟೆ. ಕೊನೆಗೆ ತಿರುಗಿದೆ.

ಅವ್ವ ಅಲ್ಲಿರಲಿಲ್ಲ. ಆಡಿನ ಮನೆಯ ಕಟ್ಟೆಯ ಮೇಲೆ ಆಗಲೇ ಕಾಲು ಚಾಚಿ ಕೂತಿದ್ದಳು. ಪಕ್ಕದ ಮನೆಯಾಕೆ ಎಲೆ ಅಡಿಕೆ ತಟ್ಟೆ ಮುಂದೆ ಸರಿಸುತ್ತಿದ್ದಳು.

ಬಸ್ಸು ಊರ ಅಗಸಿ ದಾಟಿತ್ತಷ್ಟೇ, ಹಡಗಲಿಯಿಂದ ತಂಗಿಯ ಫೋನು. "ಅಣ್ಣಾ, ಹೊಂಟಿಯಂತಲ್ಲ. ಕಿಟಕಿ ಕಡಿ ಸೀಟು ಸಿಗಲಿಲ್ಲಂತಲ್ಲ?"