ಮೂರು ಗುಂಡಿನ ಪಂಡಿತರಿಗೆ ಒಂದು ಬಹಿರಂಗ ಪತ್ರ

ಪರಮಪೂಜ್ಯ ಮೂರು ಗುಂಡಿನ ಪಂಡಿತರ ಸನ್ನಿಧಾನಕ್ಕೆ,

ಸಾಷ್ಟಾಂಗ ನಮಸ್ಕಾರಗಳು. ಅಮೆರಿಕದ ಯಾವ ಶೂಟಿಂಗ್ ರೇಂಜಿಗೆ ಹೋದರೂ ತಮ್ಮ ದರ್ಶನಭಾಗ್ಯ ತಪ್ಪುವುದಿಲ್ಲ. ಮನೆಯಲ್ಲೇ ತೋಟೆ ತುಂಬಿಕೊಳ್ಳಲು ಕಲಿಯುವ ಹುಡುಗರು ಮೊದಲು ಬಂದು ಕೈಮುಗಿಯುವುದೂ ತಮಗೇ. ಹಾಗಾಗಿ ಈ ಅರಿಕೆಯನ್ನೂ ತಮ್ಮ ಪಾದಕ್ಕೇ ಒಪ್ಪಿಸುತ್ತಿದ್ದೇನೆ.

ಗುಂಡು ಹೊರಡುವಾಗ ನಳಿಗೆ ನಡುಗುತ್ತದೆಂದು ಊರಿಗೆಲ್ಲ ಸಾರಿದ್ದಕ್ಕೆ ತಮಗೆ ಋಣಿ. ಆ ಮಾತು ನಿಜ. ರೈಫಲ್ ನಳಿಗೆಯ ಕಂಪನದ ಬಗ್ಗೆ 1901ರಲ್ಲೇ ಮ್ಯಾಲಕ್ ಎಂಬವರು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದಾರೆ. ನಮ್ಮ ಪೊಲೀಸರು ದಶಕಗಳ ಕಾಲ ಹೊತ್ತ ಪಾಯಿಂಟ್ 303 ಲೀ-ಎನ್‌ಫೀಲ್ಡನ್ನೇ ನೋಡಿ. ಅದರ ನಳಿಗೆ ಹಗುರ, ತೋಟೆಯ ಹಿಂದೆ ಮುಚ್ಚಿಕೊಳ್ಳುವ ಬೋಲ್ಟ್ ಬಿಗಿಯುವುದು ಹಿಂಬದಿಯಲ್ಲಿ. ಗುಂಡು ಹೊರಬೀಳುವ ಹೊತ್ತಿಗೆ ನಳಿಗೆಯ ಬಾಯಿ ಮೇಲೇಳುತ್ತಿರುತ್ತದೆ. ವೇಗದ ಗುಂಡು ಬೇಗ, ತುಸು ತಗ್ಗಿನಲ್ಲಿ ಹೊರಡುತ್ತದೆ. ನಿಧಾನದ್ದು ತಡವಾಗಿ, ತುಸು ಮೇಲಕ್ಕೆ ಮುಖಮಾಡಿ. ಬಹುದೂರದಲ್ಲಿ ಎರಡೂ ಒಂದೆಡೆ ಬಂದು ಕೂಡುತ್ತವೆ. 900, 1000 ಗಜದ ಸ್ಪರ್ಧೆಗಳಲ್ಲಿ ಆ ಕೋವಿಗೆ ಮರ್ಯಾದೆ ಸಿಕ್ಕಿದ್ದು ಇದರಿಂದ. ಇಷ್ಟು ಸೊಗಸಾದ ಭೌತಶಾಸ್ತ್ರವನ್ನು ತಾವು ಕಣಿ ಹೇಳುವುದಕ್ಕೆ ಬಳಸುತ್ತೀರಲ್ಲ, ಅದೇ ನನ್ನ ಸಂಕಟ.

ತಮ್ಮ ಅಪ್ಪಣೆ ಏನು? ಮದ್ದನ್ನು 0.2 ಗ್ರೇನ್‌ನಂತೆ, ಅಂದರೆ ಸುಮಾರು 13 ಮಿಲಿಗ್ರಾಂನಂತೆ ಏರಿಸುತ್ತ ಹತ್ತು ಬಗೆಯ ತೋಟೆ ತುಂಬಬೇಕು. ಒಂದೊಂದರಲ್ಲಿ ಮೂರು ಹೊಡೆಯಬೇಕು. ತೂತುಗಳು ಎಲ್ಲಿ ಒತ್ತಾಗಿ ಬಿದ್ದವೋ ಅದೇ ‘ನೋಡ್’, ನಳಿಗೆ ಶಾಂತವಾಗುವ ಬಿಂದು! ಕೃಪೆಯಿಟ್ಟು ಒಮ್ಮೆ ಹತ್ತು ಬಗೆಯ ಬದಲು ಒಂದೇ ಬಗೆಯ ಮೂವತ್ತು ತೋಟೆ ತುಂಬಿ, ಮೂರು ಮೂರರಂತೆ ಹೊಡೆದು ನೋಡಿ. ಆಗಲೂ ತೂತುಗಳ ಅತಿ ದೊಡ್ಡ ಗುಂಪು ಅಗಲದಲ್ಲಿ ಅತಿ ಸಣ್ಣದರ ಎರಡು ಮೂರು ಪಟ್ಟು ಇರುವುದು ಸಹಜ. ಮದ್ದು ಬದಲಾಗಿಲ್ಲ, ನಳಿಗೆ ಬದಲಾಗಿಲ್ಲ, ಆದರೂ ‘ನೋಡ್’ ಸಿಕ್ಕಿಬಿಡುತ್ತದೆ. ಮೂರು ಗುಂಡಿನ ಗುಂಪು ಸರಾಸರಿ ಒಂದು ಇಂಚಿದ್ದರೆ, ಅದೇ ಕೋವಿಯ ಹತ್ತು ಗುಂಡಿನ ಗುಂಪು ಸುಮಾರು 1.6 ಇಂಚು. ಕೋವಿಯ ನಿಜಗುಣ ತಿಳಿಸುವುದು ಈ ಎರಡನೆಯದು.

ತಮ್ಮ ಜೇಬಿನ ಗುರಿಹಾಳೆಯನ್ನೂ ಭಕ್ತಿಯಿಂದ ನೋಡಿದ್ದೇನೆ. ನಡುವೆ ಒಂದಕ್ಕೊಂದು ಅಂಟಿಕೊಂಡ ಮೂರು ತೂತು. ಎಡಕ್ಕೆ ದೂರದಲ್ಲಿ ಇನ್ನೆರಡು. ಅವುಗಳ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ‘ಕೈ ಅಲುಗಿತು’ ಎಂದು ಬರೆದಿದ್ದೀರಿ. ಒಳ್ಳೆಯ ಮೂರು ಕೋವಿಯ ಲೆಕ್ಕಕ್ಕೆ, ಕೆಟ್ಟ ಎರಡು ಕೈಯ ಲೆಕ್ಕಕ್ಕೆ. ಸ್ವಾಮಿ, ಐದೂ ಹೊರಟಿದ್ದು ಒಂದೇ ನಳಿಗೆಯಿಂದ.

ನಳಿಗೆಗೂ ಆಯುಸ್ಸು ಇದೆಯೆಂಬುದು ತಮಗೆ ತಿಳಿಯದ ವಿಷಯವಲ್ಲ. 6.5-284ರಂಥ ತೋಟೆಯಾದರೆ ಸಾವಿರ ಗುಂಡಿನ ಆಸುಪಾಸಿಗೇ ನಳಿಗೆಯ ಬುಡ ಬೆಂಕಿಗೆ ಸವೆದು ನಿಖರತೆ ಕೈಕೊಡುತ್ತದೆ. ತಮ್ಮನ್ನು ನಂಬಿದ ಹುಡುಗ ಇಲ್ಲದ ನೋಡ್ ಹುಡುಕುತ್ತಲೇ ಅದರಲ್ಲಿ ದೊಡ್ಡ ಪಾಲು ಸುಟ್ಟಿರುತ್ತಾನೆ. ಗಾಳಿ ಓದುವುದನ್ನು ಕಲಿಯಬೇಕಾದ ಗುಂಡುಗಳು ಅವು.

ಎಲ್ಲಕ್ಕಿಂತ ನೋಯಿಸಿದ್ದು ತಮ್ಮ ಇನ್ನೊಂದು ಅನುಗ್ರಹ: ‘ಇದರ ಮೇಲೆ ಇನ್ನೊಂದು ನೋಡ್ ಇದೆ, ಏರಿಸು.’ ತೋಟೆ ತುಂಬುವ ಕೈಪಿಡಿಯಲ್ಲಿ ಮದ್ದಿನ ಗರಿಷ್ಠ ಮಿತಿ ಅಚ್ಚಾಗಿದೆ. ಅದನ್ನು ದಾಟಿದ ಮೇಲೆ ಒತ್ತಡ ಹೆಚ್ಚಿ ಬೋಲ್ಟ್ ಎತ್ತಲು ಕಷ್ಟವಾಗುತ್ತದೆ, ತೋಟೆಯ ಬುಡದ ಪ್ರೈಮರ್ ಚಪ್ಪಟೆಯಾಗುತ್ತದೆ. ಅಷ್ಟಾದರೂ ‘ಗುಂಪು ಚೆನ್ನಾಗಿದೆ’ ಎಂದು ಬೆನ್ನು ತಟ್ಟುವುದು ಗುರುಗಳ ಲಕ್ಷಣವಲ್ಲ. ಆ ಬೋಲ್ಟಿನ ಹಿಂದೆ ಇರುವುದು ಒಂದು ಮುಖ, ಎರಡು ಕಣ್ಣು.

ಆದ್ದರಿಂದ ವಿನಮ್ರ ಬೇಡಿಕೆ ಇಷ್ಟೇ. ಮುಂದಿನ ವಾರ ಯಾರಾದರೂ ಮೂರು ತೂತಿನ ಹಾಳೆ ಹಿಡಿದು ತಮ್ಮ ಮುಂದೆ ನಿಂತರೆ, ದಯಮಾಡಿ ‘ಸಿಕ್ಕಿತು’ ಎನ್ನಬೇಡಿ. ಅದೇ ತೋಟೆ ಇನ್ನೂ ಹತ್ತು ತುಂಬಿಕೊಂಡು ಬಾ, ಬೇರೊಂದು ದಿನ ಹೊಡಿ, ಒಂದು ತೂತನ್ನೂ ಬಿಡದೆ ಅಳೆ ಎಂದು ಹೇಳಿ ಕಳಿಸಿ.

ಇಂತಿ ತಮ್ಮ ವಿಧೇಯ,
ಪಕ್ಕದ ಬೆಂಚಿನವನು